ಜಟ್ಟಿಯ ಪಡಿಯೂ ಮೆಚ್ಚೂ: ಮಲ್ಲವೃತ್ತಿಯ ಜೀವನೋಪಾಯದ ಚರಿತ್ರೆ

೧

ನಮ್ಮ ಕಾವ್ಯಗಳಲ್ಲಿ ಮಲ್ಲಯುದ್ಧದ ವರ್ಣನೆಗಳಿಗೆ ಕೊರತೆಯಿಲ್ಲ. ಭೀಮ ಜರಾಸಂಧರ ಕಾಳಗವಾಗಲಿ, ಕೃಷ್ಣ ಚಾಣೂರರ ಸೆಣಸಾಗಲಿ, ಭುಜವನ್ನಪ್ಪಳಿಸುವ ಸದ್ದಿನಿಂದಲೂ ಪಟ್ಟಿಗೆ ಪ್ರತಿಪಟ್ಟಿನಿಂದಲೂ ನೋಡುವವರ ಕೋಲಾಹಲದಿಂದಲೂ ತುಂಬಿ ಓದುವವರ ಮನಸ್ಸನ್ನು ಸೆಳೆಯುತ್ತವೆ. ಆದರೆ ಕಣದಿಂದ ಜನರು ಚೆದುರಿದ ಬಳಿಕ ಆ ಮಲ್ಲನು ಎಲ್ಲಿಗೆ ಹೋದನು, ಅಂದಿನ ರಾತ್ರಿ ಏನನ್ನುಂಡನು, ಅದರ ವೆಚ್ಚವನ್ನು ಹೊತ್ತವರಾರು, ತೋಳಿನ ಬಲವುಡುಗಿದ ಮೇಲೆ ಅವನ ಗತಿಯೇನಾಯಿತು ಎಂಬುದನ್ನು ಕವಿಗಳು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಅದು ಕಾವ್ಯದ ವಿಷಯವಲ್ಲವೆಂದು ಬಿಡಬಹುದು. ಚರಿತ್ರೆಯ ವಿಷಯವಲ್ಲವೆಂದು ಬಿಡಲಾಗದು. ಮಲ್ಲವಿದ್ಯೆಯೊಂದನ್ನೇ ಹಿಡಿದು ಬಾಳಿದವರ ಆಯವ್ಯಯವು ಹೇಗಿದ್ದಿತೆಂಬುದನ್ನು ದೊರೆತಷ್ಟು ಆಧಾರಗಳಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ಪ್ರಶ್ನೆಯ ಸುಳಿವು ಕಾವ್ಯದಲ್ಲಿಯೇ ಒಂದು ಕಡೆ ದೊರೆಯುತ್ತದೆ. ವಿರಾಟಪರ್ವದಲ್ಲಿ ಭೀಮಸೇನನು ಅಡಿಗೆಯವನಾಗಿ ಮತ್ಸ್ಯರಾಜನ ಊಳಿಗಕ್ಕೆ ಸೇರುತ್ತಾನೆ. ಕನ್ನಡದ ಓದುಗರಿಗೆ ಅವನು ವಲಲನೆಂದೇ ಚಿರಪರಿಚಿತನು. ಉತ್ಸವಕಾಲದಲ್ಲಿ ನಾನಾ ದಿಕ್ಕುಗಳಿಂದ ಬಂದ ಮಲ್ಲರಲ್ಲಿ ಜೀಮೂತನೆಂಬವನು ಎದುರಾಳಿಯಿಲ್ಲದೆ ಬೀಗುತ್ತಿರಲು, ರಾಜಾಜ್ಞೆಯಿಂದ ಅಡಿಗೆಯವನು ಕಣಕ್ಕಿಳಿದು ಅವನನ್ನು ಕೊಲ್ಲುತ್ತಾನೆ. ದೊರೆಯು ಸಂತೋಷಪಟ್ಟು ಧನವನ್ನು ಕೊಡುತ್ತಾನೆ. ಇಲ್ಲಿ ಗಮನಿಸತಕ್ಕುದೇನೆಂದರೆ, ಗೆದ್ದವನಿಗೆ ದಿನದಿನದ ಅನ್ನವು ಬಂದುದು ಅಡಿಗೆಮನೆಯಿಂದ. ಕಣದಿಂದ ಬಂದುದು ಒಂದು ದಿನದ ಉಡುಗೊರೆ. ಊರಿಂದೂರಿಗೆ ಅಲೆದು ಉತ್ಸವಗಳನ್ನೇ ನಂಬಿದ್ದ ಮಲ್ಲನಿಗಾದರೋ ಗೆಲುವಿನ ಹೊರತು ಬೇರೆ ಆಸರೆಯಿರಲಿಲ್ಲ. ಇವರಿಬ್ಬರ ಸ್ಥಿತಿಗಳಲ್ಲಿರುವ ಭೇದವೇ ಮುಂದಿನ ವಿಚಾರಕ್ಕೆಲ್ಲ ಬೀಜವಾಗಿದೆ.

ಮಲ್ಲನ ಆದಾಯವನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಸೆಣಸುವ ಮೊದಲು ಪ್ರತಿನಿತ್ಯವೂ ಸಲ್ಲುವ ಆಹಾರವೇತನವು ಮೊದಲನೆಯದು. ಇದನ್ನು ಪಡಿ ಎನ್ನೋಣ. ಗೆದ್ದ ದಿನ ಪ್ರಭುವಿನ ಪ್ರಸನ್ನತೆಯಿಂದ ಬರುವುದು ಎರಡನೆಯದು. ಇದಕ್ಕೆ ಹಳಗನ್ನಡದಲ್ಲಿ ಮೆಚ್ಚು ಎಂಬ ಹೆಸರುಂಟು. ಪೆಟ್ಟಾದಾಗ ಅಥವಾ ಶಕ್ತಿ ಕುಂದಿದಾಗ ದೊರೆಯುವುದು ಮೂರನೆಯದು. ಇದು ಗಾಯದ ಬೆಲೆ. ಕಥೆಗಳಲ್ಲಿಯೂ ಜನರ ಬಾಯಲ್ಲಿಯೂ ಉಳಿಯುವುದು ಮೆಚ್ಚು. ಆದರೆ ವೃತ್ತಿಯನ್ನು ಉಳಿಸಿದುದು ಪಡಿಯೆಂದೂ, ಪಡಿಯನ್ನಿಕ್ಕುವ ಕೈ ಎಲ್ಲೆಲ್ಲಿ ನಿಂತಿತೋ ಅಲ್ಲಲ್ಲಿ ವೃತ್ತಿಯೂ ನಿಂತಿತೆಂದೂ ಮುಂದಿನ ಆಧಾರಗಳಿಂದ ವಿಶದವಾಗುವುದು.

೨

ಪಡಿಯ ವಿಚಾರದಲ್ಲಿ ನಮಗೆ ದೊರೆಯುವ ಪ್ರಾಚೀನವೂ ಪ್ರಶಸ್ತವೂ ಆದ ಆಧಾರವು ಕರ್ಣಾಟಕದ್ದೇ ಆಗಿರುವುದು ಸಂತೋಷದ ಸಂಗತಿ. ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. ೧೧೨೯ ರಲ್ಲಿ ರಚಿಸಿದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿಯೆಂಬ ಸಂಸ್ಕೃತ ಗ್ರಂಥವು ಐದು ವಿಂಶತಿಗಳಾಗಿ ನೂರು ಅಧ್ಯಾಯಗಳುಳ್ಳದ್ದು. ಅರಸನ ವಿನೋದಗಳನ್ನು ಹೇಳುವ ನಾಲ್ಕನೆಯ ವಿಂಶತಿಯಲ್ಲಿ ಮಲ್ಲವಿನೋದವೆಂಬುದೊಂದು ಪ್ರಕರಣವಿದೆ. ಇದರಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲ ಇವುಗಳಿಗನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವರ್ಗೀಕರಿಸಿದೆ. ಅವರು ಮಾಡತಕ್ಕ ವ್ಯಾಯಾಮಗಳನ್ನೂ ಹೆಸರಿಸಿದೆ; ಕಂಬವನ್ನೇರಿ ಸಾಧಿಸುವ ಸ್ತಂಭಶ್ರಮವು ಅವುಗಳಲ್ಲೊಂದು.

ಪ್ರಕೃತ ವಿಷಯಕ್ಕೆ ಮುಖ್ಯವಾದುದು ಅವರ ಆಹಾರದ ಮಾತು. ದ್ವಿದಳ ಧಾನ್ಯ, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯಗಳು ಇವನ್ನು ಮಲ್ಲರಿಗೆ ಒದಗಿಸುವ ಹೊಣೆಯು ಅರಸನದೆಂದು ಗ್ರಂಥವು ವಿಧಿಸುತ್ತದೆ. ಅವರು ಸ್ತ್ರೀಸಂಪರ್ಕದಿಂದ ದೂರವಾಗಿ ದೇಹಪೋಷಣೆಯೊಂದರಲ್ಲಿಯೇ ನಿರತರಾಗಿರಬೇಕು. ಇದನ್ನು ಕೇವಲ ರಾಜೌದಾರ್ಯವೆಂದು ಎಣಿಸಲಾಗದು. ಮಲ್ಲನ ಬಂಡವಾಳವು ಅವನ ದೇಹ. ಒಕ್ಕಲಿಗನು ನೇಗಿಲನ್ನು ಮೂಲೆಗಿಟ್ಟರೆ ಅದು ಮುಂದಿನ ಮಳೆಗಾಲಕ್ಕೆ ಹಾಗೆಯೇ ದೊರೆಯುತ್ತದೆ. ಅಕ್ಕಸಾಲೆಯ ಚಿಮ್ಮಟವು ವರ್ಷಗಟ್ಟಲೆ ಸುಮ್ಮನಿದ್ದರೂ ಕರಗುವುದಿಲ್ಲ. ಮಲ್ಲನ ದೇಹವಾದರೋ ಹಾಲು ತುಪ್ಪಗಳನ್ನು ಕೆಲವು ತಿಂಗಳು ನಿಲ್ಲಿಸಿದರೆ ಇಳಿದುಹೋಗುವ ಬಂಡವಾಳ. ವರ್ಷಕ್ಕೊಮ್ಮೆ ಸೆಣಸಲು ವರ್ಷವೆಲ್ಲ ಉಣ್ಣಬೇಕು. ಉಂಡುದನ್ನು ಅರಗಿಸಲು ದಿನವೆಲ್ಲ ಸಾಮು ಮಾಡಬೇಕು. ದಿನವೆಲ್ಲ ಸಾಮು ಮಾಡುವವನಿಗೆ ಬೇರೆ ದುಡಿಮೆಗೆ ಹೊತ್ತಿರುವುದಿಲ್ಲ. ಹೀಗೆ ಒಂದರ ಹಿಂದೊಂದು ಬರುವ ಈ ಮೂರು ಕಾರಣಗಳಿಂದ, ಸಾಮಾನ್ಯ ಕುಟುಂಬವು ತನ್ನ ಮಗನನ್ನು ಮಲ್ಲನನ್ನಾಗಿ ಮಾಡಿ ಸಾಕುವುದು ದುಸ್ಸಾಧ್ಯವಾಯಿತು. ಉತ್ತರ ಕರ್ಣಾಟಕದಲ್ಲಿ ಪೈಲವಾನರ ಆಹಾರಕ್ಕೆ ಖುರಾಕು ಎಂಬ ಪ್ರತ್ಯೇಕವಾದ ಮಾತೇ ರೂಢಿಯಲ್ಲಿರುವುದು ಈ ವೆಚ್ಚವು ಮನೆಯ ಊಟದ ಲೆಕ್ಕಕ್ಕೆ ಸೇರತಕ್ಕುದಲ್ಲವೆಂಬುದನ್ನು ಸೂಚಿಸುತ್ತದೆ.

ಸೋಮೇಶ್ವರನ ಗ್ರಂಥದಲ್ಲಿ ಮತ್ತೊಂದು ಅಂಶವು ಆಲೋಚನಾರ್ಹವಾಗಿದೆ. ಮಲ್ಲವಿನೋದದ ಹಿಂದೆ ಆಯುಧಹಸ್ತರಾದ ಅಂಕರ ಕಾಳಗದ ಪ್ರಕರಣವಿದ್ದರೆ, ಮುಂದೆ ಕೋಳಿ, ಲಾವಕ್ಕಿ, ಟಗರು, ಕೋಣ ಇವುಗಳ ಕಾಳಗಗಳು ಬರುತ್ತವೆ. ಗೀತ, ವಾದ್ಯ, ನೃತ್ಯಗಳೂ ಅದೇ ವಿಂಶತಿಯಲ್ಲಿರುವುದರಿಂದ ಈ ಅನುಕ್ರಮವನ್ನು ಮಲ್ಲರಿಗೆ ಮಾಡಿದ ಅವಮಾನವೆಂದು ಭಾವಿಸುವುದು ನ್ಯಾಯವಾಗದು. ಆದರೂ ಗ್ರಂಥವು ಆದ್ಯಂತವಾಗಿ ನೋಡುವವನ ಪೀಠದಿಂದ ಬರೆದದ್ದೆಂಬುದು ಸ್ಪಷ್ಟ. ಪೋಷಣೆಯು ವಿನೋದಕ್ಕಾಗಿ, ವಿನೋದವು ಮುಗಿದರೆ ಪೋಷಣೆಯ ಕಾರಣವೂ ಮುಗಿಯಿತು. ಚಾಳುಕ್ಯ ಚಕ್ರವರ್ತಿಗಳು ಆಹವಮಲ್ಲ, ತ್ರಿಭುವನಮಲ್ಲ ಮುಂತಾದ ಬಿರುದುಗಳನ್ನು ಧರಿಸಿದವರು, ಸೋಮೇಶ್ವರನೇ ಭೂಲೋಕಮಲ್ಲನು. ಅರಸನಿಗೆ ಮಲ್ಲಶಬ್ದವು ಅಲಂಕಾರ, ಅವನೆದುರು ಕಣಕ್ಕಿಳಿಯುತ್ತಿದ್ದವನಿಗೆ ಅದೇ ಅನ್ನ. ಒಂದೇ ಪದದಲ್ಲಿ ಅಡಗಿದ್ದ ಈ ಎರಡು ಅರ್ಥಗಳ ಅಂತರವನ್ನು ನಮ್ಮ ಸಾಹಿತ್ಯವಿಮರ್ಶಕರು ಇದುವರೆಗೆ ಅಷ್ಟಾಗಿ ಲಕ್ಷಿಸಿದಂತೆ ಕಾಣುವುದಿಲ್ಲ.

೩

ಮೆಚ್ಚಿನ ಸ್ವರೂಪವನ್ನು ತಿಳಿಯಲು ಶಾಸನಗಳು ಸಹಾಯಕವಾಗಿವೆ. ಕ್ರಿ. ಶ. ೯೪೯-೫೦ ರ ಆತಕೂರು ಶಾಸನವು ಇದಕ್ಕೆ ಪ್ರಸಿದ್ಧ ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ಮಣಲೇರನಿಗೆ, ಬೇಕಾದುದನ್ನು ಬೇಡೆಂದು ಪ್ರಸನ್ನನಾದ ಪ್ರಭುವು ಹೇಳಲು, ಅವನು ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನು. ಅದಲ್ಲದೆ ಗಂಗರ ಬೂತುಗನಿಂದ ಅವನಿಗೆ ಬಾಳ್ಗಚ್ಚಾಗಿ ಭೂಮಿಯೂ ದೊರೆಯಿತು. ಮೆಚ್ಚು ಬೇರೆ, ಬಾಳ್ಗಚ್ಚು ಬೇರೆ. ಮೊದಲನೆಯದು ಪ್ರಭುವಿನ ಒಂದು ಕ್ಷಣದ ಉಲ್ಲಾಸ. ಎರಡನೆಯದು ಬಾಳುವೆಗೆ ಸಾಕಾಗುವ ನೆಲ. ಯುದ್ಧದಲ್ಲಿ ಮಡಿದವರ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದುದೂ ಶಾಸನಾಭ್ಯಾಸಿಗಳಿಗೆಲ್ಲ ವಿದಿತವೇ ಆಗಿದೆ. ಸುರಿದ ರಕ್ತಕ್ಕೆ ರಾಜ್ಯವು ಉತ್ತರ ಹೇಳಬೇಕೆಂಬ ಧರ್ಮವು ಆ ಒಂದು ಪದದಲ್ಲಿಯೇ ನೆಲಸಿದೆ.

ರಣರಂಗದಲ್ಲಿ ಹೀಗಿರಲು, ಮಲ್ಲರಂಗದಲ್ಲಿ ಸುರಿದ ರಕ್ತಕ್ಕೆ ದೊರೆಯುತ್ತಿದ್ದುದೇನು? ಇದಕ್ಕೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಬರಹಗಳಲ್ಲಿ ಉತ್ತರವುಂಟು. ಸುಮಾರು ೧೫೨೦ ರಲ್ಲಿ ಕೃಷ್ಣದೇವರಾಯನ ಮಹಾನವಮಿಯನ್ನು ಕಂಡ ಡೊಮಿಂಗೊ ಪಾಯೆಸ್ ಎಂಬವನು ಅಲ್ಲಿಯ ಮಲ್ಲರ ಹೊಡೆತಗಳಿಂದ ಹಲ್ಲು ಮುರಿಯುತ್ತಿದ್ದುವೆಂದೂ, ಕಣ್ಣು ಹೋಗುತ್ತಿದ್ದುವೆಂದೂ, ಮುಖಗಳು ವಿರೂಪವಾಗುತ್ತಿದ್ದುವೆಂದೂ, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರೆಂದೂ ವರ್ಣಿಸಿದ್ದಾನೆ. ಅವರಿಗೆ ನಾಯಕರೂ ಮಧ್ಯಸ್ಥರೂ ಇದ್ದು, ಗೆದ್ದವನಿಗೆ ಸಲ್ಲತಕ್ಕ ಮರ್ಯಾದೆಯನ್ನು ಅವರು ನಿರ್ಣಯಿಸುತ್ತಿದ್ದರು. ಸುಮಾರು ೧೫೩೫ ರಲ್ಲಿ ಬರೆದ ಫೆರ್ನಾವೊ ನೂನಿಜನು, ಈ ಉತ್ಸವಕ್ಕೆಂದು ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರೆಂದೂ, ಎಲ್ಲರಿಗಿಂತ ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನೆಂದೂ ಹೇಳುತ್ತಾನೆ. ರಾಜ್ಯದಲ್ಲಿ ಅವರು ಬೇರಾವ ಸೇವೆಯನ್ನೂ ಮಾಡುತ್ತಿರಲಿಲ್ಲವೆಂಬುದು ಅವನ ಮತ್ತೊಂದು ಮಾತು.

ಮೇಲುನೋಟಕ್ಕೆ ಇಬ್ಬರ ಮಾತುಗಳಲ್ಲಿ ವಿರೋಧವಿರುವಂತೆ ತೋರುತ್ತದೆ. ಪಾಯೆಸನ ಪ್ರಕಾರ ಮರ್ಯಾದೆಯು ಗೆದ್ದವನಿಗೆ. ನೂನಿಜನ ಪ್ರಕಾರ ವಸ್ತ್ರವು ಹೆಚ್ಚು ಗಾಯಗೊಂಡವನಿಗೆ. ನೂನಿಜನಿಗೆ ತಪ್ಪು ತಿಳಿವಳಿಕೆಯಾಗಿದ್ದಿತೆಂದು ಹೇಳಿ ಇದನ್ನು ಪರಿಹರಿಸುವುದು ಸುಲಭ. ಆದರೆ ಇಬ್ಬರೂ ನಿಜವನ್ನೇ ಹೇಳಿರುವರೆಂದು ಗ್ರಹಿಸಲು ಅಡ್ಡಿಯಿಲ್ಲ. ಗೆದ್ದವನಿಗೆ ಸಂದುದು ಮೆಚ್ಚು. ಗಾಯಗೊಂಡವನಿಗೆ ಸಂದುದು ಗಾಯದ ಬೆಲೆ. ಹೀಗೆ ಗ್ರಹಿಸಿದರೆ, ಮಲ್ಲರಂಗದಲ್ಲಿಯೂ ನೆತ್ತರಿಗೆ ಉತ್ತರ ಹೇಳುವ ಧರ್ಮವು ಒಂದು ರೂಪದಲ್ಲಿ ಉಳಿದಿದ್ದಿತೆನ್ನಬಹುದು. ಆದರೆ ನೆಲವಿದ್ದ ಜಾಗಕ್ಕೆ ಬಟ್ಟೆ ಬಂದಿತ್ತು. ನೆಲವು ಮಕ್ಕಳಿಗೆ ಉಳಿಯುತ್ತದೆ. ರೇಷ್ಮೆಯು ಉಟ್ಟಷ್ಟು ದಿನ ಮಾತ್ರ. ಇದು ನನ್ನ ಊಹೆಯೆಂಬುದನ್ನು ವಿದ್ವಾಂಸರು ಮರೆಯಬಾರದು.

ಇದೇ ಪಾಯೆಸನು ಅದೇ ಉತ್ಸವದಲ್ಲಿ ಕಂಡ ನರ್ತಕಿಯರ ಸಂಪತ್ತನ್ನು ಕುರಿತು ಬೆರಗಾಗಿ ಬರೆದಿರುವುದನ್ನು ಇಲ್ಲಿ ಹೋಲಿಸಬಹುದು. ಅವರಿಗೆ ಭೂಮಿಗಳಿದ್ದುವು, ಪಲ್ಲಕ್ಕಿಗಳಿದ್ದುವು, ಊಳಿಗದ ಹೆಣ್ಣುಗಳಿದ್ದರು. ಅವರಲ್ಲೊಬ್ಬಳ ಬಳಿ ಒಂದು ಲಕ್ಷ ಪರ್ದಾವ್‌ಗಳಿದ್ದುವೆಂಬ ಮಾತು ನಗರದಲ್ಲಿ ಪ್ರಚಲಿತವಾಗಿದ್ದಿತು. ಮಲ್ಲರಿಗೆ ಇಂತಹ ಸಿರಿಯಿದ್ದಿತೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಹೇಳದಿರುವುದರಿಂದಲೇ ಇರಲಿಲ್ಲವೆಂದು ಸಿದ್ಧಾಂತ ಮಾಡಲಾಗದು. ಆದರೆ ಅರಸನು ಬೆಳಗಿನ ಜಾವದಲ್ಲಿ ಎಳ್ಳೆಣ್ಣೆಯನ್ನು ಕುಡಿದು, ಮೈಗೆ ಪೂಸಿಕೊಂಡು, ಸಾಮು ಮಾಡಿ ಬೆವರಿಳಿಸಿ, ಬಳಿಕ ತನ್ನ ಮಲ್ಲರಲ್ಲೊಬ್ಬನೊಡನೆ ಕುಸ್ತಿ ಮಾಡುತ್ತಿದ್ದನೆಂದು ಬರೆದ ಕಣ್ಣಿಗೆ, ದೊರೆಯ ಮೈಯನ್ನು ಪ್ರತಿದಿನವೂ ಮುಟ್ಟುವಷ್ಟು ಹತ್ತಿರದಲ್ಲಿದ್ದ ಆ ಮಲ್ಲನ ಐಶ್ವರ್ಯವೊಂದೂ ಬೀಳಲಿಲ್ಲವೆಂಬುದು ಗಮನಾರ್ಹವಾಗಿದೆ.

೪

ವಿಜಯನಗರದ ಪತನಾನಂತರ ಮಹಾನವಮಿಯ ಸಂಪ್ರದಾಯವು ಮೈಸೂರೊಡೆಯರಿಗೆ ಬಂದಿತು. ೧೬೧೦ ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನಾರಂಭಿಸಿದರು. ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯದಲ್ಲಿ (೧೬೪೮) ಶ್ರೀರಂಗಪಟ್ಟಣದ ನವರಾತ್ರಿಯು ವಿಸ್ತಾರವಾಗಿ ವರ್ಣಿತವಾಗಿದ್ದು, ಜಟ್ಟಿಗಳ ಕಾಳಗವೂ ಅದರಲ್ಲಿ ಸೇರಿದೆ. ಈ ಜಟ್ಟಿಗಳು ವಂಶಪಾರಂಪರ್ಯವಾಗಿ ಮಲ್ಲವಿದ್ಯೆಯನ್ನು ಅವಲಂಬಿಸಿದವರು. ಅವರ ಹೆಸರು ಮಾನಸೋಲ್ಲಾಸದ ಜ್ಯೇಷ್ಠಿಕ ಶಬ್ದವನ್ನೂ, ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರನ್ನೂ ನೆನಪಿಗೆ ತರುತ್ತದೆ. ಆ ಜ್ಯೇಷ್ಠಿಮಲ್ಲರ ಕುಲಪುರಾಣವಾದ ಮಲ್ಲಪುರಾಣವು ೧೯೬೪ ರಲ್ಲಿ ಬಡೋದೆಯಲ್ಲಿ ಅಚ್ಚಾಗಿದೆ. ಯಾವ ಋತುವಿನಲ್ಲಿ ಮಲ್ಲನು ಏನನ್ನುಣ್ಣಬೇಕೆಂಬುದನ್ನು ಅದು ವಿವರವಾಗಿ ಹೇಳುವುದರಿಂದ, ಆಹಾರವು ವೃತ್ತಿಶಾಸ್ತ್ರದ ಅಂಗವೇ ಆಗಿದ್ದಿತೆಂದು ಸಿದ್ಧವಾಗುತ್ತದೆ.

ಮಾರ್ಕ್ ವಿಲ್ಕ್ಸ್ ಎಂಬವರು ೧೮೧೦ ರಿಂದ ಪ್ರಕಟವಾದ ತಮ್ಮ ಇತಿಹಾಸಗ್ರಂಥದಲ್ಲಿ ಮೈಸೂರಿನ ವಜ್ರಮುಷ್ಟಿಯ ಕಾಳಗವನ್ನು ವರ್ಣಿಸಿದ್ದಾರೆ. ಎಮ್ಮೆಯ ಕೊಂಬಿನಿಂದ ಮಾಡಿ ಮೊನೆಗೊಳಿಸಿದ ನಾಲ್ಕು ಗೆಣ್ಣುಗಳ ಆಯುಧವನ್ನು ಬಲಗೈಯಲ್ಲಿ ಧರಿಸಿ ಜಟ್ಟಿಗಳು ಸೆಣಸುತ್ತಿದ್ದರು. ಇವರು ಪ್ರತ್ಯೇಕವಾದ ಒಂದು ಕುಲದವರೆಂದೂ, ಈ ಪ್ರದರ್ಶನವೊಂದಕ್ಕಾಗಿಯೇ ಶೈಶವದಿಂದ ಪ್ರತಿದಿನವೂ ಅಭ್ಯಾಸಪಡಿಸಲ್ಪಟ್ಟವರೆಂದೂ ಅವರು ಹೇಳುತ್ತಾರೆ. ವರ್ಷದ ಒಂದು ಹಬ್ಬಕ್ಕಾಗಿ ಒಂದು ಕುಲದ ಜೀವಮಾನವೆಲ್ಲ ಮೀಸಲಾಗಬೇಕಾದರೆ ಅದರ ಹಿಂದೆ ಅರಮನೆಯ ಉಗ್ರಾಣವು ಇರಲೇಬೇಕಷ್ಟೆ.

ಆದರೆ ಜಟ್ಟಿಗಳು ಉಗ್ರಾಣವೊಂದನ್ನೇ ನಂಬಿ ಕುಳಿತವರಲ್ಲ. ೧೯೦೯ ರಲ್ಲಿ ಪ್ರಕಟವಾದ ಥರ್‍ಸ್ಟನ್ ಅವರ ದಕ್ಷಿಣಭಾರತದ ಜಾತಿವರ್ಣನೆಯ ಗ್ರಂಥದಲ್ಲಿ ಇವರ ಉಪವೃತ್ತಿಗಳು ಹೇಳಲ್ಪಟ್ಟಿವೆ. ತೆಲುಗು ಜಿಲ್ಲೆಗಳಲ್ಲಿ ಇವರು ಲೇಪಗಳನ್ನು ಹಚ್ಚಿ ಮೈ ತಿಕ್ಕಿ ನರಗಳ ನೋವನ್ನು ವಾಸಿಮಾಡುತ್ತಿದ್ದರು. ಜಾರಿದ ಕೀಲುಗಳನ್ನು ಕೂಡಿಸುವುದರಲ್ಲಿ ಕುಶಲರೆನಿಸಿದ್ದರು. ಕೆಲವೊಮ್ಮೆ ಮರಣದಂಡನೆಯನ್ನು ನಡೆಸುವ ಘೋರವಾದ ಕೆಲಸವೂ ಇವರ ಪಾಲಿಗೆ ಬಂದಿದ್ದಿತು. ಈ ಮೂರೂ ಒಂದೇ ವಿದ್ಯೆಯ ಕೊಂಬೆಗಳು. ಕೀಲನ್ನು ತಪ್ಪಿಸಬಲ್ಲವನು ಕೂಡಿಸಲೂ ಬಲ್ಲನು. ಕಣದಲ್ಲಿ ಮೈಗೆ ಬಂದ ಜ್ಞಾನವನ್ನು ಮುದಿತನದಲ್ಲಿ ಪರರ ನೋವಿಗೆ ಮದ್ದಾಗಿ ಮಾರಲೂ ಬಲ್ಲನು. ಬಲವು ಉಡುಗಿದ ಮೇಲೆಯೂ ಉಡುಗದ ಆದಾಯವಿದು. ನಮ್ಮ ಹಳ್ಳಿಗಳಲ್ಲಿ ಗರಡಿಯ ಉಸ್ತಾದನೇ ಉಳುಕು ತೆಗೆಯುವವನೂ ಆಗಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅದೇ ಗ್ರಂಥದ ಇನ್ನೊಂದು ವಾಕ್ಯವು ನಮ್ಮ ವಿಚಾರಕ್ಕೆ ಬಹಳ ಬೆಲೆಯುಳ್ಳದ್ದಾಗಿದೆ. ತಂಜಾವೂರಿನ ರಾಜರ ಕಾಲದಲ್ಲಿ ಜಟ್ಟಿಗಳು ಬೊಕ್ಕಸವನ್ನೂ ಒಡವೆಗಳ ಕೋಣೆಯನ್ನೂ ಕಾಯುತ್ತಿದ್ದರು. ಕಡೆಯ ರಾಜನು ಮೃತನಾದ ಮೇಲೆ ಅವರಲ್ಲಿ ಬಹುಮಂದಿ ಮೈಸೂರಿಗೂ ಇತರ ದೇಶೀಯ ಸಂಸ್ಥಾನಗಳಿಗೂ ವಲಸೆಹೋದರು. ತಂಜಾವೂರಿನ ಕಡೆಯ ಅರಸನಾದ ಶಿವಾಜಿಯು ತೀರಿಕೊಂಡುದು ೧೮೫೫ ರಲ್ಲಿ. ಗಂಡು ಸಂತಾನವಿಲ್ಲವೆಂದು ಕಂಪೆನಿಯವರು ಆ ಸಂಸ್ಥಾನವನ್ನು ಮುಗಿಸಿದರು. ಒಬ್ಬ ಪ್ರಭುವಿನ ಸಾವಿನೊಡನೆ ಒಂದು ಕುಲವು ಗಂಟುಮೂಟೆ ಕಟ್ಟಬೇಕಾಯಿತು. ವಿದ್ಯೆಯು ಕುಂದಿರಲಿಲ್ಲ; ತೋಳುಗಳು ಸೋತಿರಲಿಲ್ಲ; ಪಡಿಯು ನಿಂತಿದ್ದಿತು, ಅಷ್ಟೆ. ಮೈಸೂರಿನಲ್ಲಿ ಇನ್ನೂ ದಸರೆಯಿದ್ದಿತು. ಆದುದರಿಂದ ಅವರು ಮೈಸೂರಿಗೆ ಬಂದರು.

೫

ಇಪ್ಪತ್ತನೆಯ ಶತಮಾನದಲ್ಲಿ ಮಲ್ಲವೃತ್ತಿಗೆ ಮತ್ತೊಂದು ಬಗೆಯ ಆದಾಯವು ಗೋಚರವಾಯಿತು. ಅದು ಚೀಟಿ ಕೊಂಡು ನೋಡಲು ಬರುವ ಸಾರ್ವಜನಿಕರ ಹಣ. ೧೯೧೦ ರಲ್ಲಿ ಗಾಮಾ ಪೈಲವಾನರು ಲಂಡನ್ನಿಗೆ ಹೋದ ಕಥೆಯಲ್ಲಿ ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಎದುರುಬದುರಾಗಿ ನಿಂತಿರುವುದನ್ನು ಕಾಣಬಹುದು. ದತಿಯಾ ಸಂಸ್ಥಾನದ ಆಶ್ರಯದಲ್ಲಿ ಬೆಳೆದ ಅವರು ಬಂಗಾಳದ ಧನಿಕರೊಬ್ಬರ ದ್ರವ್ಯಸಹಾಯದಿಂದ ಸಮುದ್ರವನ್ನು ದಾಟಿದರು. ಅಲ್ಲಿಯ ಪ್ರಸಿದ್ಧ ಮಲ್ಲರು ಮೊದಲು ಅವರ ಸವಾಲನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಕಡೆಗೆ ಸೆಪ್ಟೆಂಬರ್ ೧೦ ರಂದು ಪೋಲೆಂಡಿನ ಜ್ಬಿಸ್ಕೊ ಅವರೊಡನೆ ನಡೆದ ಕುಸ್ತಿಯು ಎರಡೂವರೆ ಗಂಟೆಗೂ ಹೆಚ್ಚು ಕಾಲ ನಡೆದು ನಿರ್ಣಯವಾಗಲಿಲ್ಲ. ಒಂದು ವಾರದ ಮೇಲೆ ಗೊತ್ತಾಗಿದ್ದ ಮರುಪಂದ್ಯಕ್ಕೆ ಎದುರಾಳಿಯು ಬಾರದುದರಿಂದ ೨೫೦ ಪೌಂಡುಗಳೂ ಜಾನ್ ಬುಲ್ ಪಟ್ಟಿಯೂ ಗಾಮಾ ಅವರಿಗೆ ಸಂದುವು. ದೊಡ್ಡ ಮೆಚ್ಚೇ ಸರಿ. ಆದರೆ ಅವರು ಮುಂದಿನ ದಿನಗಳನ್ನು ಕಳೆದುದು ಆ ಪೌಂಡುಗಳಿಂದಲ್ಲ; ಪಟಿಯಾಲಾ ಮಹಾರಾಜರ ಆಸ್ಥಾನಮಲ್ಲರಾಗಿ. ೧೯೨೮ ರಲ್ಲಿ ಅದೇ ಜ್ಬಿಸ್ಕೊ ಅವರನ್ನು ಒಂದು ನಿಮಿಷದೊಳಗೆ ಕೆಡಹಿದುದೂ ಪಟಿಯಾಲಾದಲ್ಲಿಯೇ. ೧೯೪೭ ರ ದೇಶವಿಭಾಗದ ಬಳಿಕ ಅವರು ಲಾಹೋರಿನಲ್ಲಿ ನೆಲಸಿದರು. ಆಶ್ರಯವಿತ್ತಿದ್ದ ಸಂಸ್ಥಾನವು ಗಡಿಯ ಈಚೆಗೆ ಉಳಿಯಿತು. ೧೯೬೦ ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ಅವರ ವರ್ಷಗಳು ರೋಗದಲ್ಲಿಯೂ ಹಣದ ಅಡಚಣೆಯಲ್ಲಿಯೂ ಕಳೆದುವು.

ಕರ್ಣಾಟಕದ ನೆರೆಯಲ್ಲಿಯೇ ಇರುವ ಕೊಲ್ಲಾಪುರದ ವೃತ್ತಾಂತವು ಇದಕ್ಕಿಂತಲೂ ಬೋಧಪ್ರದವಾಗಿದೆ. ೧೮೯೪ ರಿಂದ ೧೯೨೨ ರ ವರೆಗೆ ಆಳಿದ ಶಾಹೂ ಛತ್ರಪತಿಗಳು ಮಲ್ಲವಿದ್ಯೆಯ ಮಹಾಪೋಷಕರು. ೧೯೧೨ ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನವು ಅವರ ಕಾಲದ್ದು. ಬೆಳಗಾವಿ, ವಿಜಾಪುರ, ಧಾರವಾಡದ ಕಡೆಯ ಕನ್ನಡಿಗ ತರುಣರೂ ಆ ನಗರದ ತಾಲೀಮುಗಳಿಗೆ ಹೋಗಿ ಪಳಗುತ್ತಿದ್ದುದುಂಟು. ಈ ಕೊಲ್ಲಾಪುರದ ಆಶ್ರಯದಲ್ಲಿ ಬೆಳೆದವರು ಕರಾಡದ ಬಳಿಯ ಗೋಳೇಶ್ವರ ಗ್ರಾಮದ ಖಾಶಾಬಾ ಜಾಧವರು. ೧೯೪೮ ರ ಲಂಡನ್ ಒಲಿಂಪಿಕ್ ಕೂಟಕ್ಕೆ ಹೋಗಲು ಅವರ ವೆಚ್ಚವನ್ನು ಕೊಲ್ಲಾಪುರದ ಮಹಾರಾಜರು ಕೊಟ್ಟರು. ಅಲ್ಲಿ ಅವರಿಗೆ ಆರನೆಯ ಸ್ಥಾನವು ದೊರೆಯಿತು. ಮರುವರ್ಷ, ಅಂದರೆ ೧೯೪೯ ರಲ್ಲಿ, ಕೊಲ್ಲಾಪುರವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೨ ರ ಹೆಲ್ಸಿಂಕಿ ಕೂಟದ ವೇಳೆಗೆ ಪಡಿಯಿಕ್ಕುವ ಅರಮನೆಯಿರಲಿಲ್ಲ; ಅದರ ಸ್ಥಾನವನ್ನು ತುಂಬಬೇಕಾಗಿದ್ದ ಹೊಸ ಸರಕಾರಕ್ಕೆ ಈ ಹೊಣೆಯು ಇನ್ನೂ ತಿಳಿದಿರಲಿಲ್ಲ. ಗ್ರಾಮಸ್ಥರು ವಂತಿಗೆಯೆತ್ತಿದರು. ಅವರು ಓದಿದ್ದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನು ೭೦೦೦ ರೂಪಾಯಿಗಳಿಗೆ ಒತ್ತೆಯಿಟ್ಟರು. ಜಾಧವರು ಹೆಲ್ಸಿಂಕಿಯಲ್ಲಿ ಕಂಚಿನ ಪದಕವನ್ನು ಪಡೆದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್‌ನಲ್ಲಿ ವ್ಯಕ್ತಿಯೊಬ್ಬರು ತಂದ ಮೊದಲನೆಯ ಪದಕವದು.

ಆ ಪದಕದಿಂದ ಒತ್ತೆಯಿಟ್ಟ ಮನೆಯು ಬಿಡುಗಡೆಯಾಗುವಂತಿರಲಿಲ್ಲ. ಅಂದಿನ ಒಲಿಂಪಿಕ್ ನಿಯಮವು ಹವ್ಯಾಸಿಗಳಿಗೆ ಮಾತ್ರ ಪ್ರವೇಶ ಕೊಡುತ್ತಿದ್ದಿತು, ಬಹುಮಾನದ ಹಣವೆಂಬುದಿರಲಿಲ್ಲ. ಹಿಂದಿರುಗಿದ ಮೇಲೆ ಜಾಧವರು ಊರ ಕುಸ್ತಿಗಳಲ್ಲಿ ಸೆಣಸಿ ಹಣವನ್ನು ಕೂಡಿಸಿ ಗುರುಗಳ ಋಣವನ್ನು ತೀರಿಸಿದರೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ೧೯೫೫ ರಲ್ಲಿ ಪೊಲೀಸ್ ಸಬ್‌ಇನ್‌ಸ್ಪೆಕ್ಟರಾಗಿ ಸೇರಿ, ನಿವೃತ್ತರಾಗಿ, ೧೯೮೪ ರಲ್ಲಿ ರಸ್ತೆಯ ಅಪಘ್ಾತದಲ್ಲಿ ಮಡಿದರು. ಅರ್ಜುನ ಪ್ರಶಸ್ತಿಯು ಅವರಿಗೆ ಮರಣೋತ್ತರವಾಗಿ ಬಂದಿತು. ಪಡಿ, ಮೆಚ್ಚು, ಗಾಯದ ಬೆಲೆ ಎಂಬ ಮೂರರಲ್ಲಿ ಅವರಿಗೆ ಸಕಾಲದಲ್ಲಿ ಸಂದುದು ಮೆಚ್ಚೊಂದೇ. ಪಡಿಯನ್ನಿಕ್ಕಿದವರು ಒಬ್ಬ ಉಪಾಧ್ಯಾಯರೂ ಒಂದು ಹಳ್ಳಿಯ ಜನರೂ.

ಜಾಧವರು ಹಿಡಿದ ಆ ಪೊಲೀಸ್ ಉದ್ಯೋಗವನ್ನು ಬೇರೊಂದು ದೃಷ್ಟಿಯಿಂದಲೂ ನೋಡಬೇಕಾಗಿದೆ. ಸಂಸ್ಥಾನಗಳು ಹೋದ ಮೇಲೆ ರೈಲ್ವೆ, ಪೊಲೀಸ್, ಸೈನ್ಯ ಇವೇ ನಮ್ಮ ದೇಶದಲ್ಲಿ ಮಲ್ಲರ ಪೋಷಕರಾದುವು. ನೂನಿಜನು ಕಂಡ ಮಲ್ಲರು ರಾಜ್ಯದಲ್ಲಿ ಬೇರಾವ ಸೇವೆಯನ್ನೂ ಮಾಡದೆ ಸೆಣಸುತ್ತಿದ್ದರು. ಈಚಿನವರು ಸೆಣಸುವುದಕ್ಕಾಗಿಯೇ ಬೇರೊಂದು ಸೇವೆಯನ್ನು ಹಿಡಿದರು. ತಿಂಗಳ ಸಂಬಳವು ಪಡಿಯಾಯಿತು. ನಿವೃತ್ತಿವೇತನವು ಗಾಯದ ಬೆಲೆಯಾಯಿತು. ಪ್ರಭುವಿನ ಸಾವಿನೊಡನೆ ಅಳಿಯದಿರುವುದು ಈ ಪಡಿಯ ಗುಣ. ಪದಕದವರೆಗೆ ಮುಟ್ಟಿದವರಿಗೂ ಅದರ ಹತ್ತಿರಕ್ಕೆ ಬಂದವರಿಗೂ ಮಾತ್ರ ದೊರೆಯುವುದು ಅದರ ದೋಷ. ಕಲಿಯುವ ವಯಸ್ಸಿನ ಹುಡುಗನ ಖುರಾಕಿನ ಹೊರೆಯು ಇಂದಿಗೂ ತಂದೆತಾಯಿಗಳ ಮೇಲೆಯೇ ಇದೆ. ಸೋಮೇಶ್ವರನ ಉಗ್ರಾಣವು ಗೆಲುವಿಗೆ ಮೊದಲೇ ತೆರೆಯುತ್ತಿದ್ದಿತು. ನಮ್ಮದು ಗೆಲುವಿನ ಬಳಿಕ ತೆರೆಯುತ್ತದೆ.

೬

ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ವಜ್ರಮುಷ್ಟಿಯ ಕಾಳಗವು ಇಂದಿಗೂ ನಡೆಯುತ್ತದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಈ ಊರುಗಳ ಜಟ್ಟಿಗಳು ಜೋಡಿಯಾಗಿ ಕಣಕ್ಕಿಳಿಯುತ್ತಾರೆ. ಮೊದಲ ನೆತ್ತರು ಕಾಣುತ್ತಲೇ ಸೆಣಸು ನಿಲ್ಲುತ್ತದೆ. ಕೆಲವು ಕ್ಷಣಗಳ ಈ ವಿಧಿಯು ಅವರಿಗೆ ಕುಲಗೌರವವಾಗಿದೆ, ಜೀವನೋಪಾಯವಾಗಿಲ್ಲ. ಅತ್ತ ದಸರಾ ಕುಸ್ತಿಗಳಲ್ಲಿ ಬಿರುದುಗಳೂ ಬಹುಮಾನಗಳೂ ಸಲ್ಲುತ್ತಿವೆ. ಕರ್ಣಾಟಕ ಸರಕಾರವು ಮಾಜಿ ಪೈಲವಾನರಿಗೆ ಮಾಸಾಶನವನ್ನು ಕೊಡುವ ಏರ್ಪಾಡನ್ನೂ ಮಾಡಿದೆ. ಮೊತ್ತವು ಸಾಲದೆಂಬ ದೂರಿರಬಹುದು. ಆದರೂ ಬಲವುಡುಗಿದ ಮಲ್ಲನಿಗೆ ರಾಜ್ಯವು ಬಾಧ್ಯವೆಂಬ ತತ್ತ್ವವು ಇದರಲ್ಲಿ ಅಂಗೀಕೃತವಾಗಿದೆ. ನೆತ್ತರುಗೊಡಗೆಯ ಧರ್ಮವು ಬಹುಕಾಲದ ಬಳಿಕ ಮಲ್ಲರಂಗಕ್ಕೂ ಕಾಲಿಟ್ಟಿತೆಂದು ಇದನ್ನು ಅರ್ಥಮಾಡಬಹುದು.

ಈ ಚರಿತ್ರೆಯ ಬಹುಭಾಗವು ಇನ್ನೂ ಕತ್ತಲೆಯಲ್ಲಿದೆ. ಇಲ್ಲಿ ಉಪಯೋಗಿಸಿದ ಆಧಾರಗಳಲ್ಲಿ ಒಂದು ಅರಸನದು, ಕೆಲವು ಪರದೇಶದ ಪ್ರೇಕ್ಷಕರವು. ಮಲ್ಲನು ತಾನೇ ಬರೆದಿಟ್ಟ ಲೆಕ್ಕವೊಂದೂ ಇದರಲ್ಲಿಲ್ಲ. ಅರಮನೆಗಳ, ಮಠಗಳ ಕಡತಗಳನ್ನು ಶೋಧಿಸುವ ವಿದ್ವಾಂಸರು ದಾನಶಾಸನಗಳ ಪ್ರತಿಗಳೊಂದಿಗೆ ಉಗ್ರಾಣದ ಖರ್ಚುಗಳನ್ನೂ ನೋಡಬೇಕೆಂದು ನನ್ನ ಬಿನ್ನಹ. ಜಟ್ಟಿಗಳ ಹೆಸರಿನಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ತುಪ್ಪ ಬರೆಯಲ್ಪಟ್ಟಿದೆಯೆಂಬ ಒಂದು ಸಾಲು ದೊರೆತರೂ ಅದು ನೂರು ಬಿರುದಾವಳಿಗಳಿಗಿಂತ ಹೆಚ್ಚಿನ ಬೆಲೆಯುಳ್ಳದ್ದಾಗುವುದು. ಅಧ್ಯಾಪಕರಾದವರು ತಮ್ಮ ಊರಿನ ಗರಡಿಮನೆಗಳಿಗೆ ಹೋಗಿ, ಮುದುಕರಾದ ಉಸ್ತಾದರಿರುವಾಗಲೇ, ಅವರು ಯಾರ ಮನೆಯ ಹಾಲನ್ನು ಕುಡಿದು ಬೆಳೆದರೆಂಬುದನ್ನು ಕೇಳಿ ಬರೆದುಕೊಳ್ಳಬಹುದು. ಯಾರನ್ನು ಕೆಡಹಿದೆವೆಂಬುದನ್ನು ಅವರು ಕೇಳದೆಯೇ ಹೇಳುವರು. ಯಾರು ಉಣ್ಣಿಸಿದರೆಂಬುದನ್ನು ನಾವು ಕೇಳಬೇಕಾಗಿದೆ.